ರೋಟರಿ ಬಿಡು, ಗ್ಯಾಸ್ ಬಿಡು

ನಮ್ಮ ಲ್ಯಾಬಿನ ಕ್ರಯೋ ಪಂಪಿನ ಬಗ್ಗೆ ಮನೆಯಲ್ಲಿ ಒಮ್ಮೆ ವಿವರಿಸಲು ಹೋಗಿ ಸೋತಿದ್ದೇನೆ. ಪಂಪು ಎಂದರೆ ನಮ್ಮೂರು ಕಿರುಗಾವಲಿನಲ್ಲಿ ನೀರೆತ್ತುವುದು. ಇದು ಏನನ್ನೂ ಎತ್ತುವುದಿಲ್ಲ, ಹೊರಗೂ ಹಾಕುವುದಿಲ್ಲ. ಒಳಗೆ ತೀರಾ ತಣ್ಣಗೆ ಮಾಡಿಟ್ಟ ಲೋಹದ ತಟ್ಟೆಗಳಿವೆ. ಪ್ರಯೋಗ ನಡೆಯುವ ಪಕ್ಕದ ಚೇಂಬರಿನ ಗಾಳಿ ಬಂದು ಅವುಗಳಿಗೆ ತಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದ ಹಗುರ ಅನಿಲಗಳನ್ನು ತಟ್ಟೆಗಳ ಹಿಂದೆ ಅಂಟಿಸಿದ ಇದ್ದಿಲಿನ ಚೂರುಗಳು ಹಿಡಿದುಕೊಳ್ಳುತ್ತವೆ. ಚೇಂಬರು ಖಾಲಿಯಾಗುತ್ತ ಹೋದಂತೆ ಪಂಪು ತುಂಬುತ್ತ ಹೋಗುತ್ತದೆ. ಪೂರ್ತಿ ತುಂಬಿದಾಗ ಅದನ್ನು ನಿಲ್ಲಿಸಿ, ಬೆಚ್ಚಗಾಗಲು ಬಿಟ್ಟು, ಒಣ ನೈಟ್ರೋಜನ್ ಹಾಯಿಸಿ ಎಲ್ಲವನ್ನೂ ಹೊರಗೆ ಕಳಿಸಬೇಕು. ಪುಸ್ತಕದಲ್ಲಿ ಇದಕ್ಕೆ ರೀಜನರೇಷನ್ ಎಂದಿದೆ. ನಾವು ಪಂಪು ಕಕ್ಕಿಸುವುದು ಎನ್ನುತ್ತಿದ್ದೆವು.

ಆ ವಾರ ಅದು ತುಂಬಿತ್ತು. ನನ್ನ ಪ್ರಬಂಧಕ್ಕೆ ಗಾಜಿನ ಮೇಲೆ ಲೋಹದ ತೆಳುಪದರ ಕೂರಿಸುವ ಕೊನೆಯ ಸರಣಿಯೊಂದು ಬಾಕಿ ಇತ್ತು. ಅದಾದ ಮೇಲೆ ಯಂತ್ರ ಬೇರೆ ತಂಡದ ಕೈಗೆ ಹೋಗುವುದಿತ್ತು, ನನ್ನ ಫೆಲೋಶಿಪ್ಪೂ ಮುಗಿಯುವುದರಲ್ಲಿತ್ತು. ಪಂಪು ಕೆಟ್ಟರೆ ರಿಪೇರಿಗೆ ತಿಂಗಳುಗಳು ಬೇಕು. ಹಾಗಾಗಿ ಮರುದಿನ ಬೆಳಿಗ್ಗೆಯೇ ಕಕ್ಕಿಸಿಬಿಡೋಣ ಎಂದು ಜೊತೆಯ ಸಂಶೋಧಕಿಗೆ ಹೇಳಿ ಮನೆಗೆ ಹೋಗಿದ್ದೆ. ಅವಳು ವೈದ್ಯನಾಥಪುರದವಳು, ಲ್ಯಾಬಿಗೆ ನನಗಿಂತ ಒಂದು ವರ್ಷ ತಡವಾಗಿ ಸೇರಿದವಳು. ನಾನು ದಿನವಿಡೀ ಆಡದ ಮಾತನ್ನು ಅವಳು ಬಾಗಿಲು ತೆಗೆಯುವಷ್ಟರಲ್ಲಿ ಆಡಿ ಮುಗಿಸುತ್ತಿದ್ದಳು.

ಬೆಳಿಗ್ಗೆ ಲ್ಯಾಬಿಗೆಂದು ಮಳವಳ್ಳಿಯಲ್ಲಿ ಹತ್ತಿದ ಬಸ್ಸು ಮದ್ದೂರಿಗೆ ಇನ್ನೇನು ಬಂತು ಎನ್ನುವಾಗ ನಿಂತಿತು. ಮುಂದೆ ಕಬ್ಬಿನ ಲಾರಿಯೊಂದು ಆಕ್ಸಲ್ ಮುರಿದುಕೊಂಡು ರಸ್ತೆಗೆ ಅಡ್ಡ ಕೂತಿತ್ತು. ಅಷ್ಟರಲ್ಲಿ ಅವಳ ಫೋನು.

"ಎಲ್ಲಿ ಸತ್ತೋದೆ ಅಮ್ಮಿ? ನಾನು ಗೇಟ್ ಮುಚ್ಚಿವ್ನಿ, ಕಂಪ್ರೆಸರ್ ಆಫ್ ಮಾಡಿವ್ನಿ. ಮುಂದಕ್ಕೇನು?"

ಗೇಟ್ ಎಂದರೆ ಚೇಂಬರಿಗೂ ಪಂಪಿಗೂ ನಡುವಿನ ವಾಲ್ವು, ಕಂಪ್ರೆಸರ್ ಎಂದರೆ ಪಂಪನ್ನು ತಣ್ಣಗಿಡುವ ಯಂತ್ರ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಇನ್ನು ಉಳಿದದ್ದು ಎರಡು ವಾಲ್ವು. ಒಂದು ನೈಟ್ರೋಜನ್ ಸಿಲಿಂಡರಿನದು, ಅದನ್ನು ಈಗ ತೆರೆಯಬೇಕು. ಇನ್ನೊಂದು ರೋಟರಿಯದು. ರೋಟರಿ ನಮ್ಮ ಹಳೆಯ ಎಣ್ಣೆ ಪಂಪು. ಕ್ರಯೋ ಪೂರ್ತಿ ಬೆಚ್ಚಗಾದ ಮೇಲಷ್ಟೇ ಅದರ ಕೆಲಸ, ಅದೂ ಸ್ವಲ್ಪ ಹೊತ್ತು. ಬೇಗ ತೆರೆದು ಮರೆತರೆ ಅದರ ಎಣ್ಣೆಯ ಆವಿ ಹಿಂದಕ್ಕೆ ಬಂದು ಇದ್ದಿಲಿಗೆ ಸೇರುತ್ತದೆ. ಎಣ್ಣೆ ಕುಡಿದ ಇದ್ದಿಲು ಮತ್ತೆ ಯಾವ ಅನಿಲವನ್ನೂ ಹಿಡಿಯುವುದಿಲ್ಲ.

ಹಿಂದಿನ ಸೀಟಿನವರು ಡ್ರೈವರನ್ನು ಬೈಯುತ್ತಿದ್ದರು. ಬಸ್ಸಿನಲ್ಲಿ ಗಟ್ಟಿಯಾಗಿ ಮಾತಾಡಲು ನನಗೆ ಮುಜುಗರ. ಆದಷ್ಟು ಚಿಕ್ಕದಾಗಿ ಹೇಳಿದೆ: "ರೋಟರಿ ಬಿಡು. ಗ್ಯಾಸ್ ಬಿಡು."

"ಸರಿ ಬುಡು," ಎಂದು ಫೋನ್ ಇಟ್ಟಳು.

ಲಾರಿ ಸರಿದು ಬಸ್ಸು ಹೊರಟು ನಾನು ತಲುಪಿದಾಗ ಲ್ಯಾಬಿನ ಮೆಟ್ಟಿಲಲ್ಲೇ ಶಬ್ದ ಕೇಳಿಸಿತು. ಸುಮ್ಮನೆ ತಿರುಗುವ ರೋಟರಿಯ ಸದ್ದು ಬೇರೆ, ಏನನ್ನಾದರೂ ಎಳೆಯುತ್ತಿರುವ ರೋಟರಿಯ ಸದ್ದು ಬೇರೆ. ಇದು ಗೊಳಗೊಳ ಎಳೆಯುತ್ತಿತ್ತು. ಒಳಗೆ ಹೋದರೆ ಅದರ ಹೊಗೆಕೊಳವೆಯಿಂದ ಎಣ್ಣೆಯ ಮಂಜು ಕಿಟಕಿಯ ಕಡೆಗೆ ಹೋಗುತ್ತಿತ್ತು. ಬ್ಯಾಗನ್ನೂ ಇಳಿಸದೆ ಹೋಗಿ ರೋಟರಿಯ ವಾಲ್ವು ಮುಚ್ಚಿದೆ.

"ಇದನ್ನ ಯಾಕೆ ತೆರೆದೆ?"

"ನೀನೇ ಬುಡು ಅಂದ್ಯಲ್ಲ!"

"ಬಿಡು ಅಂದರೆ ಅದರ ಪಾಡಿಗೆ ಬಿಡು, ಮುಟ್ಟಬೇಡ ಅಂತ."

"ಮತ್ತೆ ಗ್ಯಾಸೂ ಬುಡು ಅಂದೆ? ಅದ್ನೂ ಮುಟ್ಬಾರ್ದಾಗಿತ್ತಾ?"

"ಅದನ್ನ ಬಿಡಬೇಕಿತ್ತು."

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಅಲ್ಲ ಕಣಮ್ಮಿ, ಒಂದೇ ಉಸ್ರಲ್ಲಿ ಒಂದ್ ಬುಡು ಅಂದ್ರೆ ತೆಗಿ, ಇನ್ನೊಂದ್ ಬುಡು ಅಂದ್ರೆ ಮುಟ್ಬ್ಯಾಡ. ನಮ್ಮಪ್ಪ ಗದ್ದೆ ತಾವ ನಿಂತ್ಕಂಡು ಬುಡು ಅಂತ ಕೂಗುದ್ರೆ ತೂಬು ಎತ್ತಬೇಕು. ಕೈ ಕಟ್ಕಂಡು ನಿಂತ್ರೆ ಬೆನ್ ಮೇಲೆ ಬೀಳ್ತವೆ!"

ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲೂ ನಾಲೆಯ ನೀರಿಗೆ ಅದೇ ಮಾತು. ಮೈಸೂರಿನಲ್ಲಿ ಓದುವಾಗ ನಾನು 'ಬುಡು'ವನ್ನು 'ಬಿಡು' ಮಾಡಿಕೊಂಡಿದ್ದೆ. ಅರ್ಥ ಎರಡೂ ಹಾಗೇ ಉಳಿದಿದ್ದವು.

ಇದ್ದಿಲಿನ ಗತಿಯೇನು ಎಂದು ಯೋಚಿಸುತ್ತ ಕೇಳಿದೆ: "ಮೊದಲು ಯಾವುದನ್ನ ತೆರೆದೆ?"

"ಗ್ಯಾಸು. ಸಿಲಿಂಡರ್ ಬಾಗ್ಲ ತಾವೇ ಐತಲ್ಲ."

"ಮಧ್ಯೆ ನಿಲ್ಲಿಸಿದೆಯಾ?"

"ಇಲ್ಲ ಕಣೇ, ಆಗ್ಲಿಂದ ಓಯ್ತಾನೇ ಅದೆ."

ಸ್ಟೂಲಿನ ಮೇಲೆ ಕೂತೆ. ನೈಟ್ರೋಜನ್ ಕ್ರಯೋದ ಮೂಲಕ ಹಾದು ರೋಟರಿಯ ಕಡೆಗೇ ಒಂದೇ ಸಮನೆ ಹರಿದಿತ್ತು. ಅಷ್ಟು ಗಾಳಿ ಎದುರಾದರೆ ಎಣ್ಣೆಯ ಆವಿ ಕೊಳವೆಯಲ್ಲಿ ಹಿಂದಕ್ಕೆ ಬರಲಾರದು. ಅವಳು ಎರಡು 'ಬಿಡು'ಗಳನ್ನೂ ಅದಲುಬದಲಾಗಿ ತಿಳಿದು ರೋಟರಿಯನ್ನಷ್ಟೇ ತೆರೆದಿದ್ದರೆ ಇದ್ದಿಲು ಹೋಗುತ್ತಿತ್ತು. ಎರಡಕ್ಕೂ ಒಂದೇ ಅರ್ಥ ಹಚ್ಚಿದ್ದರಿಂದ ಉಳಿದಿರಬಹುದು. ಇದನ್ನು ಹೇಳಿದಾಗ ಅವಳು, "ಅಂಗಾರೆ ನಂದೇ ಸರಿ," ಎಂದು ಚಹಾ ತರಲು ಹೋದಳು.

ಉಳಿದಿರಬಹುದು, ಅಷ್ಟೇ. ಮಧ್ಯಾಹ್ನ ಪಂಪು ಕೋಣೆಯಷ್ಟೇ ಬೆಚ್ಚಗಾಯಿತು. ನೈಟ್ರೋಜನ್ ನಿಲ್ಲಿಸಿ, ರೋಟರಿಯಿಂದ ಸ್ವಲ್ಪ ಹೊತ್ತು ಎಳೆದು, ಎಲ್ಲ ವಾಲ್ವು ಮುಚ್ಚಿ ಒತ್ತಡದ ಮೀಟರನ್ನೇ ನೋಡುತ್ತ ಕೂತೆವು. ಒಳಗೆ ಏನಾದರೂ ಉಳಿದಿದ್ದರೆ ಅದು ಆವಿಯಾಗಿ ಮುಳ್ಳು ಏರುತ್ತದೆ. ಏರಿತು, ಬೇಗನೆ ಏರಿತು. ಎಣ್ಣೆಯೋ, ಇನ್ನೂ ಆರದ ನೀರಿನ ಪಸೆಯೋ, ಮುಳ್ಳು ಹೇಳುವುದಿಲ್ಲ. ಮತ್ತೆ ನೈಟ್ರೋಜನ್ ಹಾಯಿಸಿ, ಈ ಸಲ ಪಂಪಿನ ಹೊರಮೈಗೆ ಹೀಟರ್ ಪಟ್ಟಿ ಸುತ್ತಿದೆವು. ನೀರಾದರೆ ಬಿಸಿಗೆ ಹೋಗುತ್ತದೆ, ಎಣ್ಣೆ ಇಷ್ಟು ಸುಲಭಕ್ಕೆ ಹೋಗುವುದಿಲ್ಲ.

ಎರಡನೆಯ ಸಲ ಮುಳ್ಳು ಸ್ವಲ್ಪ ಅಲುಗಿ ನಿಂತಿತು. ನೋಡುತ್ತಲೇ ಇದ್ದೆವು, ನಿಂತೇ ಇತ್ತು.

"ನೀರೇ ಕಣೇ!" ಎಂದು ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಯಾರಾದರೂ ಮುಟ್ಟಿದರೆ ನಾನು ಸಾಮಾನ್ಯವಾಗಿ ಸರಿದುಕೊಳ್ಳುತ್ತೇನೆ. ಆಗ ಸರಿಯಲಿಲ್ಲ.

ಕಂಪ್ರೆಸರ್ ಹಾಕಿದೆವು. ಅದರ ಟಕ್ ಟಕ್ ಸದ್ದು ಕೇಳುತ್ತ, ಹಸಿವಾಗಿರುವುದು ಆಗ ಗೊತ್ತಾಗಿ ಬೆಳಗಿನ ಡಬ್ಬಿ ತೆಗೆದೆ. ಸಂಜೆಯ ಹೊತ್ತಿಗೆ ತಾಪ ಇಳಿಯಬೇಕಾದಲ್ಲಿಗೆ ಇಳಿಯಿತು. ಗೇಟ್ ತೆರೆದಾಗ ಚೇಂಬರಿನ ಒತ್ತಡ ಪಂಪು ಹೊಸದಿದ್ದಾಗಿನಂತೆ ಸರ್ರನೆ ಬಿತ್ತು. ಇದ್ದಿಲು ಹಿಡಿಯುತ್ತಿತ್ತು.

ಮೈಸೂರಿಗೆ ಹೋಗಿದ್ದ ನಮ್ಮ ಗೈಡ್ ಫೋನ್ ಮಾಡಿ ಪಂಪು ಹೇಗಿದೆ ಎಂದು ಕೇಳಿದರು.

"ಚೆನ್ನಾಗಿದೆ ಸರ್. ನಾಳೆ ಗಾಜು ಒಳಗಿಡುತ್ತೇನೆ," ಎಂದೆ. ಅವಳು ಪಕ್ಕದಲ್ಲಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಫೋನಿಟ್ಟು, ಮರುದಿನಕ್ಕೆ ಬೇಕಾದ ಗಾಜುಗಳನ್ನು ತೊಳೆಯಲು ಕೂತೆ.