ಕಟ್ಟಿದವರು, ಕಟ್ಟಿಸಿದವರು

ಸಿಟ್ಟು ಬಂದರೆ ನಮ್ಮ ಇತಿಹಾಸದ ಟೀಚರ್ ಅವರ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ದನಿ ಏರುತ್ತಿರಲಿಲ್ಲ, ಕೈ ಆಡುತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಸರಿದಾಗ ಸವಣೂರಿನ ನಮ್ಮ ಹೈಸ್ಕೂಲಿನ ಹುಡುಗಿಯರು ಮೊದಲು ನೋಡುತ್ತಿದ್ದದ್ದು ಆ ಕಿವಿಯನ್ನೇ. ಕೆಂಪಾಗಿದ್ದರೆ ಅಂದು ಯಾರೂ ಪಿಸುಗುಡುತ್ತಿರಲಿಲ್ಲ.

ಆ ಸಿಟ್ಟನ್ನು ನಾನು ಮೊದಲು ಹತ್ತಿರದಿಂದ ಕಂಡದ್ದು ಪಠ್ಯದ ಒಂದು ಸಾಲಿನ ಮೇಲೆ. ಬ್ರಿಟಿಷರು ರೈಲು ಸೇತುವೆಗಳನ್ನು ಕಟ್ಟಿದರು ಎಂದು ಗಟ್ಟಿಯಾಗಿ ಓದುತ್ತಿದ್ದೆ.

“ತಡಿಯವ್ವಾ,” ಎಂದರು. “ಯಾವ ಸಾಹೇಬ ಕಲ್ಲು ಹೊತ್ತಾನ? ಕಟ್ಟಿದ್ರು ಅಲ್ಲ, ಕಟ್ಟಿಸಿದ್ರು. ಪೆನ್ನು ತಗೀರಿ, ಎಲ್ಲಾರೂ ತಿದ್ಕೋರಿ.”

ಒಂದಕ್ಷರ ತಿದ್ದಿಸಿ ಸುಮ್ಮನಾಗುವವರಲ್ಲ ಅವರು. ಮುಂದಿನ ಶನಿವಾರ ನಮ್ಮನ್ನೆಲ್ಲ ಟೆಂಪೋದಲ್ಲಿ ಯಲವಿಗಿಗೆ ಕರೆದೊಯ್ದರು. ಸ್ಟೇಷನ್ನಿನಿಂದ ಹಳಿಯ ಪಕ್ಕದ ಕಾಲುದಾರಿ ಹಿಡಿದು ನಡೆದರೆ ಹಳ್ಳದ ಮೇಲೆ ಸಾಲು ಕಮಾನುಗಳ ಹಳೆಯ ಕಲ್ಲಿನ ಸೇತುವೆ. ಒಂದು ಕಮಾನಿನ ನೆರಳಲ್ಲಿ ನಮ್ಮನ್ನು ಕೂರಿಸಿ, ಅದನ್ನು ಹೇಗೆ ಕಟ್ಟಿದರೆಂದು ಹೇಳಿದರು. ಮೊದಲು ಕಮಾನಿನ ಆಕಾರಕ್ಕೆ ಕಟ್ಟಿಗೆಯ ಆಸರೆ. ಎತ್ತಿನ ಗಾಣದಲ್ಲಿ ಅರೆದ ಸುಣ್ಣದ ಗಾರೆ. ಅದನ್ನು ಬುಟ್ಟಿಯಲ್ಲಿ ಹೊತ್ತು ಮೇಲೇರಿದವರು ಹೆಂಗಸರು. ಎರಡೂ ಕಡೆಯಿಂದ ಕಲ್ಲು ಜೋಡಿಸುತ್ತ ಬಂದು, ನೆತ್ತಿಯಲ್ಲಿ ಕೊನೆಯ ಕಲ್ಲನ್ನು ಬಿಗಿಯಾಗಿ ಕೂರಿಸಬೇಕು. ಆಮೇಲೆ ಆಸರೆ ಬಿಚ್ಚಬೇಕು. ಕಮಾನು ತನ್ನ ಭಾರವನ್ನು ತಾನೇ ಹೊರುತ್ತದೋ ಇಲ್ಲವೋ ತಿಳಿಯುವುದು ಆಗಲೇ.

“ಕಟ್ಟಿಗಿ ಬಿಚ್ಚೂ ಮುಂದ ಕೆಳಗ ಯಾರು ನಿಂತಿರ್ತಾರ?” ಎಂದು ಕೇಳಿದರು.

ನಾವು ಕತ್ತೆತ್ತಿ ಕಮಾನಿನ ನೆತ್ತಿ ನೋಡಿದೆವು.

“ಬಿಚ್ಚಾವ್ರು ನಿಂತಿರ್ತಾರ. ಬರ್ರಿ, ತೋರಸ್ತೇನಿ.”

ಆಚೆ ದಂಡೆಯ ಜಾಲಿಗಿಡಗಳ ಕೆಳಗೆ ಕಾಡುಗಲ್ಲಿನ ಸಣ್ಣ ಗುಪ್ಪೆಗಳಿದ್ದವು. ಸೇತುವೆ ಕಟ್ಟುವಾಗ ಕಲ್ಲು ಬಿದ್ದು, ಜ್ವರ ಬಂದು, ವಾಂತಿಭೇದಿಯಾಗಿ ಸತ್ತ ಕೂಲಿಗಳ ಗೋರಿಗಳು ಅವು ಎಂದು ಯಲವಿಗಿಯ ಹಿರಿಯರು ಹೇಳುತ್ತಿದ್ದರು. ಸತ್ತವರು ಯಾವ ಊರಿನವರು, ಯಾವ ಜಾತಿಯವರು, ಯಾರಿಗೂ ತಿಳಿಯದು. ಊರಿನ ಒಬ್ಬ ಅಜ್ಜಿ ಅಮಾವಾಸ್ಯೆಗೆ ಬಂದು ಕಲ್ಲುಗಳ ಮೇಲೆ ನೀರು ಹಾಕಿ ಹೋಗುತ್ತಿದ್ದಳು. ನಮ್ಮ ಟೀಚರ್ ನಿಂತು ಸತ್ತವರಿಗಾಗಿ ಫಾತಿಹಾ ಓದಿದರು. “ಅವ್ರು ಯಾವ ದೇವ್ರನ್ನ ನೆನೀತಿದ್ರೋ ಗೊತ್ತಿಲ್ಲ. ನನಗ ಬರೂದು ಇದ,” ಎಂದರು.

ನಾನು ಓದು ಮುಗಿಸಿ ಶಿಗ್ಗಾಂವದಲ್ಲಿ ಶಿಕ್ಷಕಿಯಾಗಿ ಸೇರುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಜೋಡಿ ಹಳಿಯ ಕೆಲಸ ಆ ಹಳ್ಳದವರೆಗೆ ಬಂದಿತ್ತು. ಪಕ್ಕದಲ್ಲಿ ಕಾಂಕ್ರೀಟಿನ ಹೊಸ ಸೇತುವೆ ಏಳುವುದಕ್ಕೆ ಅವರ ತಕರಾರಿರಲಿಲ್ಲ. ಆದರೆ ಗುತ್ತಿಗೆದಾರ ಸಿಮೆಂಟ್ ಒಟ್ಟುವ ಶೆಡ್ಡಿಗೆ ಆರಿಸಿಕೊಂಡದ್ದು ಗೋರಿಗಳ ಜಾಗವನ್ನು. ಅತ್ತಿತ್ತ ಬೇಕಾದಷ್ಟು ಬಯಲಿತ್ತು. ಆತನನ್ನು ಕಾಣಲು ಟೀಚರ್ ಜೊತೆ ನಾನೂ ಹೋದೆ. ಆತ ಕುರ್ಚಿ ತರಿಸಿದ, ಚಹಾ ತರಿಸಿದ.

“ನಕಾಶೆದಾಗ ಇಲ್ಲಿ ಯಾವ ಗೋರಿನೂ ಇಲ್ರಿ ಮೇಡಂ.”

“ನಕಾಶೆ ಬರದವ್ರು ಅವ್ರನ್ನ ಮನಷ್ಯಾರಂತ ತಿಳೀಲಿಲ್ಲ. ನೀವರ ತಿಳೀರಿ. ಶೆಡ್ಡು ಸ್ವಲ್ಪ ಆಚೆ ಸರಸ್ರಿ.”

“ಆತ್ರಿ. ನೀವು ಹೇಳಿದ ಮ್ಯಾಲ ಮುಗೀತು.”

ಟೀಚರ್ ಚಹಾ ಕುಡಿದರು. ಆ ಚಹಾವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಮುಂದಿನ ಭಾನುವಾರವೇ ಆತ ಜೆಸಿಬಿ ತರಿಸಿ ನೆಲವನ್ನೆಲ್ಲ ಸಪಾಟು ಮಾಡಿಸಿದ. ಅಡ್ಡ ನಿಂತ ಅಜ್ಜಿಯನ್ನು ರಟ್ಟೆ ಹಿಡಿದು ಬದಿಗೆ ಕೂರಿಸಿದರಂತೆ. ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲಿ ತಗಡಿನ ಶೆಡ್ಡು ಎದ್ದಿತ್ತು. ಟೀಚರ್ ಬೇಲಿಯಾಚೆಯೇ ನಿಂತರು. ಒಳಗೆ ಕಾಲಿಡಲು ಅವರಿಗೆ ಮನಸ್ಸಾಗಲಿಲ್ಲ. ಎಲ್ಲಿ ಇಟ್ಟರೆ ಯಾರ ಮೇಲೆ ಬೀಳುತ್ತದೋ ಗೊತ್ತಿರಲಿಲ್ಲ.

ನಾಚಿಕೆಯಿಲ್ಲದ ಜನ. ಹೊಸ ಸೇತುವೆಯ ಸಮಾರಂಭದಲ್ಲಿ ಹಳೆಯ ಸೇತುವೆಯ ಇತಿಹಾಸ ಹೇಳಲು ಅವರನ್ನೇ ಕರೆದರು. ಹೋಗಬೇಡಿ ಎಂದೆ.

“ಹೋಗ್ತೇನಿ. ಮೈಕ್ ಕೊಡ್ತೇವಿ ಅಂದಾರ.”

ವೇದಿಕೆಯಲ್ಲಿ ಕಮಾನು ಕಟ್ಟುವ ಬಗೆಯನ್ನು ನಿಧಾನವಾಗಿ ವಿವರಿಸಿದರು. ಗಣ್ಯರು ತಲೆದೂಗಿದರು. ಬಳಿಕ ಅದೇ ದನಿಯಲ್ಲಿ, “ಹಿಂಗ ಕಟ್ಟಿ ಸತ್ತವ್ರು ಆ ಶೆಡ್ಡಿನ ಕೆಳಗ ಅದಾರ. ಅವ್ರ ಮ್ಯಾಲ ಸಿಮೆಂಟ್ ಚೀಲ ಒಟ್ಟಿಸಿದವ್ರು ಇಲ್ಲಿ ಹಾರ ಹಾಕ್ಕೊಂಡು ಕುಂತಾರ,” ಎಂದರು. ಮೈಕು ಬಂದ್ ಆಯಿತು. ಅವರ ಮಾತು ನಿಲ್ಲಲಿಲ್ಲ. ಯಾರೋ ಸನ್ನೆ ಮಾಡಿದರು, ಬ್ಯಾಂಡಿನವರು ಬಾರಿಸತೊಡಗಿದರು. ಆ ಗದ್ದಲದಲ್ಲೇ ಅವರು ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಸಭಿಕರಿಗೆ ಕೈಮುಗಿದು ಇಳಿದು ಬಂದರು. ಮೊದಲ ಸಾಲಿನಲ್ಲಿದ್ದ ನನಗೂ ಒಂದು ಮಾತೂ ಕೇಳಿಸಲಿಲ್ಲ. ದಾರಿಯಲ್ಲಿ ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ, “ನಿನಗ ಗೊತ್ತಿದ್ದದ್ದ ಬಿಡವ್ವಾ,” ಎಂದರು.

ಕಳೆದ ವರ್ಷ ಅವರು ತೀರಿಕೊಂಡರು. ಕೆಲಸ ಮುಗಿದರೂ ಶೆಡ್ಡು ಕಿತ್ತಿರಲಿಲ್ಲ. ಆಸ್ಪತ್ರೆಯ ಮಂಚದಲ್ಲೂ ಅದನ್ನೇ ವಿಚಾರಿಸಿದ್ದರು. ನಮ್ಮ ಹಳೆಯ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಊರಿನ ದೊಡ್ಡವರ ಸಾಲಿನಲ್ಲಿ ಆ ಗುತ್ತಿಗೆದಾರನೂ ಬಂದು ಕುಳಿತಿದ್ದ. ಸರದಿ ಬಂದಾಗ ಎದ್ದು ನಿಂತ.

“ಮೇಡಂ ಭಾಳ ಶಾಂತ ಸ್ವಭಾವದವ್ರು. ಯಾರಿಗೂ ಒಂದು ಮಾತು ಅಂದವ್ರಲ್ಲ,” ಎಂದ.

ನಾನು ಎದ್ದೆ. “ಇಲ್ರಿ. ಅವ್ರು ಸಿಟ್ಟಿನ್ಯಾಗ ಹೋದ್ರು. ನಿಮ್ಮ ಮ್ಯಾಲಿನ ಸಿಟ್ಟಿನ್ಯಾಗ ಹೋದ್ರು.”

ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ನಾನು ಕೂರಲಿಲ್ಲ. ಅಲ್ಲಿದ್ದ ಬಹಳ ಮಂದಿಗೆ ಆ ಗೋರಿಗಳ ವಿಷಯವೇ ಗೊತ್ತಿರಲಿಲ್ಲ. ಮೊದಲಿನಿಂದ ಹೇಳತೊಡಗಿದೆ.