ಪನ್ನೀರಿನಲ್ಲಿ ತಂಪು ಹುಡುಕುವ ಮೂಗು

ಬೆಳಿಗ್ಗೆ ಆರೂಕಾಲು. ಹೆಸರಘಟ್ಟದ ಅಂಚಿನ ತಗಡಿನ ಶೆಡ್‌ನಲ್ಲಿ ತಾಮ್ರದ ಹಂಡೆಯ ಕೊಳವೆಯಿಂದ ಮೊದಲ ಪನ್ನೀರು ತೊಟ್ಟಿಕ್ಕುತ್ತಿದೆ. ಅಕ್ಬರಿ ನಾಲ್ಕು ಹನಿಯನ್ನು ಮೊಣಕೈಯ ಒಳಮಡಿಕೆಗೆ ಬಿಟ್ಟುಕೊಂಡು ಮೂಸುತ್ತಾರೆ. ಮತ್ತೊಮ್ಮೆ ಮೂಸುತ್ತಾರೆ. ಮುಖ ಬಿಗಿಯುತ್ತದೆ.

"ಅಣ್ಣಾ, ಇದು ಬೇಡ. ಮೂಗಿಗೆ ತಣ್ಣಗೆ ಹೊಡೀತೈತೆ."

ಶೆಡ್‌ನ ಮಾಲೀಕ ಮುನಿಯಣ್ಣ ತಾವೂ ಮೂಸುತ್ತಾರೆ. "ಗುಲಾಬಿನೇ ಕಣಮ್ಮ ಬರ್ತಿರೋದು. ಜ್ವರದ ಮೂಗು ನಂಬ್ಕೊಂಡು ಅರವತ್ತು ಕೆಜಿ ಹೂವು ಚೆಲ್ಲೋದಾ?"

ಕಳೆದ ತಿಂಗಳ ಜ್ವರದಲ್ಲಿ ಅಕ್ಬರಿಗೆ ಒಂಬತ್ತು ದಿನ ವಾಸನೆಯೇ ಇರಲಿಲ್ಲ. ಈಗಲೂ ಪೂರ್ತಿ ಮರಳಿಲ್ಲ. ನಲವತ್ತೇಳರ ಈಕೆಗೆ ಹತ್ತೊಂಬತ್ತು ವರ್ಷಗಳಿಂದ ಮೂಗೇ ಕೆಲಸ. ಅದಕ್ಕಾಗಿ ಮಲ್ಲಿಗೆ ಮುಡಿಯುವುದಿಲ್ಲ, ರಂಜಾನ್‌ಗೂ ಅತ್ತರು ಹಚ್ಚುವುದಿಲ್ಲ, ಹಸಿ ಈರುಳ್ಳಿ ಮುಟ್ಟುವುದಿಲ್ಲ.

ಇಂದಿನ ಪನ್ನೀರು ಯಶವಂತಪುರದಲ್ಲಿ ಎಳೆಗೂಸುಗಳ ಸ್ನಾನದ ಸಾಮಾನು ತಯಾರಿಸುವವರಿಗೆ. ನಿನ್ನೆಯವರೆಗೆ ಇದೇ ಹಂಡೆಯಲ್ಲಿ ನೀಲಗಿರಿ ಸೊಪ್ಪು ಬೆಂದಿದೆ. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಎಂಬ ಅಂಶ ಮೂಗಿನಲ್ಲಿ ವಾಸನೆಯ ನರದ ಜೊತೆಗೆ ತಂಪು ಅರಿಯುವ ನರವನ್ನೂ ತಟ್ಟುತ್ತದೆ. ದೊಡ್ಡವರಿಗೆ ಉಸಿರು ಸರಾಗವಾದಂತೆ ತೋರುತ್ತದೆ. ಕೂಸಿಗೆ ಉಸಿರು ಕಟ್ಟಬಹುದು ಎಂದು ವೈದ್ಯರು ಎಚ್ಚರಿಸುತ್ತಾರೆ. ಪ್ರಯೋಗಾಲಯದ ವರದಿಗೆ ಎರಡು ದಿನ ಬೇಕು. ಕ್ಯಾನ್ ತುಂಬಬೇಕೋ ಬೇಡವೋ ಎಂದು ಮೊದಲು ಹೇಳುವುದು ಅಕ್ಬರಿ.

"ವಾಸನೆ ಅರ್ಧ ಹೋಗಿರ್ಬೋದು ಅಣ್ಣ. ತಂಪು ಹೋಗಿಲ್ಲ. ಮಕ್ಕಳ ಮೈಗೆ ಹಾಕೋದು, ನಾನಂತೂ ಹೂಂ ಅನ್ನಲ್ಲ."

"ಹಂಡೆ ಎರಡ್ ಸಲ ತೊಳ್ದೆ, ಬರೀ ಆವಿ ಬಿಟ್ಟೆ. ಇನ್ನೆಲ್ಲಿಂದ ಬರ್ತದೆ ನೀಲಗಿರಿ?"

ಮೂಲೆಯಲ್ಲಿ ಮುಂದಿನ ಹಂಡೆಗೆಂದು ಇನ್ನೂ ಅರವತ್ತು ಕೆಜಿ ಹೂವಿದೆ. ಬಿಸಿಲೇರಿದಂತೆ ಅದರ ಕಂಪು ಹಾರಿಹೋಗುತ್ತದೆ. ಅಕ್ಬರಿ ಕೊಳವೆ ಮೂಸುತ್ತಾರೆ, ಹನಿ ಹಿಡಿದ ಡಬ್ಬ ಮೂಸುತ್ತಾರೆ. ಕೊನೆಗೆ ಮುಚ್ಚಳದ ಸುತ್ತ ಆವಿ ಸೋರದಂತೆ ಮೆತ್ತಿದ ರಾಗಿ ಹಿಟ್ಟನ್ನು ಉಗುರಿನಿಂದ ಕಿತ್ತು ಮೂಗಿಗೆ ಹಿಡಿಯುತ್ತಾರೆ. ಅಲ್ಲೇ ನಿಂತುಬಿಡುತ್ತಾರೆ.

"ನಂದೇ ತಪ್ಪಣ್ಣ. ನೆನ್ನೆ ಮುಚ್ಚಳದಿಂದ ಕಿತ್ತಿದ್ ಹಿಟ್ಟು ದಂಡ ಆಗ್ತದಲ್ಲ ಅಂತ ಹೊಸದ್ರ ಜೊತೆ ಕಲಸ್ಬಿಟ್ಟೆ."

ಮುನಿಯಣ್ಣ ಮೂಸಿ ಮುಖ ಹಿಂದೆಳೆಯುತ್ತಾರೆ. "ಥೂ! ನೆಗಡಿ ಮುಲಾಮು ಮೆತ್ತಿದಂಗೈತಲ್ಲಮ್ಮ." ಬೈಗುಳ ಅಷ್ಟಕ್ಕೇ ಮುಗಿಯುತ್ತದೆ. ಡಬ್ಬದ ಪನ್ನೀರನ್ನು ಅವರೇ ಮೋರಿಗೆ ಬಗ್ಗಿಸುತ್ತಾರೆ.

ಹಂಡೆ ಮತ್ತೆ ತೊಳೆದು, ಉಳಿದ ಹೂವು ತುಂಬಿ, ಹೊಸ ಹಿಟ್ಟು ಮೆತ್ತುವಷ್ಟರಲ್ಲಿ ಎಂಟು ದಾಟಿದೆ. ಒಂಬತ್ತಕ್ಕೆ ಹನಿ ಬೀಳುತ್ತದೆ. ಈ ಸಲ ಅಕ್ಬರಿ ಮೂರು ಬಾರಿ ಮೂಸುತ್ತಾರೆ. ಹೊರಗೆ ವ್ಯಾನಿನ ಹಾರ್ನ್. ಮುನಿಯಣ್ಣ ಆಕೆಯ ಮುಖವನ್ನೇ ನೋಡುತ್ತಿದ್ದಾರೆ.

"ತುಂಬ್ಸಿ ಅಣ್ಣ."

ಹಳೆಯ ಹಿಟ್ಟನ್ನು ಸೌದೆ ಒಲೆಗೆಸೆದು ಅಕ್ಬರಿ ಕೈ ತೊಳೆಯುತ್ತಾರೆ. ಮೂಗಿಗಾಗಿ ಇಷ್ಟೆಲ್ಲ ಬಿಟ್ಟವರಿಗೆ ಏನಾದರೂ ಆಸೆ ಉಂಟೇ ಎಂದು ಕೇಳಿದರೆ ನಗುತ್ತಾರೆ: "ಮಗಳು ತರನ್ನುಮ್ ನಿಕಾಹ್ ದಿನ ಒಂದ್ ಮೊಳ ಮಲ್ಲಿಗೆ ಮುಡೀಬೇಕು."

"ಮುಡ್ಕೊಳಮ್ಮ," ಎಂದು ಒಳಗಿಂದ ಮುನಿಯಣ್ಣ ಕೂಗುತ್ತಾರೆ. "ಅವತ್ತು ಹಂಡೆಗೂ ರಜಾ. ನೀನಿಲ್ದೆ ನಾನು ಒಲೆ ಹಚ್ಚಲ್ಲ."