ಉಡದಾರದ ತೂಕ

ನನಗೆ ಸಿಟ್ಟು ಬೇಗ ಬರುತ್ತದೆ, ಬಂದಮೇಲೆ ನಾಚಿಕೆಯೂ ಆಗುತ್ತದೆ. ನಮ್ಮ ಕಚೇರಿಯ ಸಾಹೇಬರ ಮೇಲೆ ಬಂದ ಆ ಒಂದು ಸಿಟ್ಟಿಗೆ ಮಾತ್ರ ಇವತ್ತಿಗೂ ನಾಚಿಕೆಯಿಲ್ಲ.

ಮಕ್ಕಳ ಅಪೌಷ್ಟಿಕತೆಗೂ ಸೋಂಕಿಗೂ ಏನು ನಂಟು ಎಂದು ಹುಡುಕುವ ಸಂಶೋಧನೆಯಲ್ಲಿ ನಾನು ಊರೂರು ತಿರುಗುವವಳು. ತಿಂಗಳಿಗೊಮ್ಮೆ ಬೆಳಗಾವಿಯಲ್ಲಿ ಬಸ್ಸು ಹಿಡಿದು, ಖಾನಾಪುರ, ನಂದಗಡ ದಾಟಿ ಬೀಡಿ ಎಂಬ ಊರಿಗೆ ಹೋಗಬೇಕು. ಅವವೇ ಮಕ್ಕಳನ್ನು ತೂಗಬೇಕು. ಯಾರಿಗೆ ಜ್ವರ ಬಂದಿತ್ತು, ಯಾರಿಗೆ ಭೇದಿಯಾಯಿತು ಎಂದು ತಾಯಂದಿರನ್ನು ಕೇಳಿ ಬರೆಯಬೇಕು. ತೂಕ ನಮ್ಮ ಪಟ್ಟಿಯ ಅಪಾಯದ ಗೆರೆಗಿಂತ ಕೆಳಗಿಳಿದ ಮಗುವನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸುತ್ತಿದ್ದೆವು.

ಒಂದು ಮನೆಯಲ್ಲಿ ಆಗಷ್ಟೇ ವರ್ಷ ತುಂಬಿದ ಹೆಣ್ಣುಮಗು. ನಾಲ್ಕು ತಿಂಗಳಲ್ಲಿ ಮೂರು ಸಲ ಭೇದಿ ಎಂದು ತಾಯಿ ಹೇಳಿದ್ದಳು. ತೂಕ ಮಾತ್ರ ಇದ್ದಲ್ಲೇ ಇತ್ತು. ಕಚೇರಿಯಲ್ಲಿ ಸಾಹೇಬರು ಹಾಳೆಯನ್ನು ನನ್ನ ಮುಂದೆ ತಳ್ಳಿದರು.

"ಮೂರ್ ಸಲ ಭೇದಿ ಆದ್ರ ತೂಕ ಇಳೀಬೇಕಲ್ಲ? ಜಡ್ಡಿನ ಕೂಸಿಗೆ ಪೌಷ್ಟಿಕ ಹಿಟ್ಟಿನ ಪಾಕೀಟ ಸಿಗ್ತಾವಂತ ಆಕಿ ಸುಳ್ಳ ಹೇಳ್ಯಾಳ. ಭೇದಿ ಅಂತ ಬರದದ್ದು ಹೊಡದ ಹಾಕ್ರಿ."

"ಹೊಡಿಯೂದಿಲ್ರಿ," ಎಂದೆ. "ತಕ್ಕಡಿ ನಂಬ್ತೀರಿ, ತಾಯೀನ ನಂಬೂದಿಲ್ಲೇನ್ರಿ?"

ಎಲ್ಲರೂ ತಲೆಯೆತ್ತಿ ನೋಡಿದರು. ಕೆಲಸ ಹೋದರೆ ಹೋಗಲಿ ಎನ್ನಿಸಿತ್ತು.

ಮರುದಿನವೇ ಬೀಡಿಗೆ ಹೋದೆ. ಮಗುವಿನ ಅಂಗಿ ಎತ್ತಿದರೆ ಪಕ್ಕೆಲುಬು ಕಾಣುತ್ತಿದ್ದವು. ಸೊಂಟದಲ್ಲಿ ದಪ್ಪ ಬೆಳ್ಳಿ ಉಡದಾರ, ಅದಕ್ಕೆ ಕಟ್ಟಿದ ತಾಮ್ರದ ತಾಯಿತಗಳು, ಕಾಲಿಗೆ ಕಬ್ಬಿಣದ ಕಡಗ. ಮೊದಲ ತಿಂಗಳು ಅಂಗಿ ತೆಗೆದಾಗ ನಾನು ನೋಡಿದ್ದು ಒಂದು ಕರಿ ದಾರ ಅಷ್ಟೇ.

"ಇವೆಲ್ಲಾ ಯಾವಾಗ ಹಾಕಿದ್ರಿ?"

"ಒಂದೊಂದ್ ಸಲ ಜಡ್ಡ ಬಿದ್ದಾಗ ಒಂದೊಂದ್ರಿ," ಎಂದಳು ಅಜ್ಜಿ, ಹೆಮ್ಮೆಯಿಂದ.

ಮೈಮೇಲಿನದೆಲ್ಲ ತೆಗೆದು ತೂಗಬೇಕೆಂಬುದು ನಮ್ಮ ಮೊದಲ ನಿಯಮ. ಆಮೇಲೆ ಚಳಿ ಎಂದು ಅಂಗಿ ಬಿಟ್ಟವಳು ನಾನು, ಬಸ್ಸು ತಪ್ಪೀತೆಂದು ಅವಸರದಲ್ಲಿ ಕಾಲಿನ ಕಡಗ ಕಂಡರೂ ಬಿಟ್ಟವಳೂ ನಾನೇ. ಪ್ರತಿ ಭೇದಿಗೆ ಮಗು ಇಳಿದಷ್ಟನ್ನೂ ಅಜ್ಜಿ ಕಟ್ಟಿದ ಲೋಹ ತುಂಬಿಕೊಡುತ್ತಿತ್ತು. ನಾನದನ್ನು ಮಗುವಿನ ಮೈ ಎಂದು ಬರೆದುಕೊಂಡು ಬರುತ್ತಿದ್ದೆ.

ಅಜ್ಜಿ ಬಿಚ್ಚಲು ಬಿಡಲಿಲ್ಲ. "ಕೂಸಿನ್ನ ಬರೇ ಮೈಲೆ ಬಿಡಬಾರದ್ರಿ." ಸಾಹೇಬರು ಅಂದದ್ದನ್ನು ನಾನು ಆಗ ತಾಯಿಗೆ ಹೇಳಿಬಿಟ್ಟೆ. ಅಷ್ಟು ದಿನ ಅತ್ತೆಯೆದುರು ತುಟಿ ಬಿಚ್ಚದವಳು ಎದ್ದು ಬಂದು ತಾನೇ ಗಂಟಿಗೆ ಕೈ ಹಾಕಿದಳು. ಬಿಚ್ಚಿಯೇ ಬಿಟ್ಟಳು.

"ನಿಮ್ಮ ಸೀರಿ ಉಡ್ಯಾಗ ಹಿಡ್ಕೋರಿ ಅತ್ತಿ. ತೂಗಿದ ಕೂಡ್ಲೆ ಕಟ್ಟೂಣು."

ಮಗು ಗೆರೆಗಿಂತ ಬಹಳ ಕೆಳಗಿತ್ತು. ಸಂಜೆಯೊಳಗೆ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದೆ. ಕೆಲವು ದಿನಗಳ ನಂತರ ಮಗು ಗಂಜಿಯ ಬಟ್ಟಲನ್ನು ತಾನೇ ಎಳೆದುಕೊಳ್ಳತೊಡಗಿತು. ನಾನು ವಾರ್ಡಿನಲ್ಲಿ ನಿಂತು ಅತ್ತುಬಿಟ್ಟೆ.

ಈ ಮಗುವಿನ ಅಂಕಿ ಕೆಟ್ಟಿವೆ, ಪೂರಾ ಕೈಬಿಡೋಣ ಎಂದರು ಸಾಹೇಬರು. ನಾವು ತಪ್ಪಿದೆವೆಂದು ಬರೆದೇ ಇಟ್ಟುಕೊಳ್ಳೋಣ ಎಂದು ಜಗಳಾಡಿದೆ. ಅವರು ಒಪ್ಪಲಿಲ್ಲ. ಆಸ್ಪತ್ರೆಯಿಂದ ಮನೆಗೆ ಹೊರಟ ದಿನ ತಾಯಿ ಒಂದೇ ಮಾತು ಕೇಳಿದಳು.

"ನಾ ಹೇಳಿದ್ದು ಖರೇ ಅಂತ ಬರದ್ರಿಲ್ರಿ?"

ವರದಿ ಅಚ್ಚಾಗಿ ಬಂತು. ಆ ಮಗು ಅದರಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಯಾರೂ ಹೊಡೆದುಹಾಕದಂತೆ: ಆ ತಾಯಿ ಹೇಳಿದ್ದೆಲ್ಲ ನಿಜ. ಸುಳ್ಳು ಬರೆದವಳು ನಾನು.